ಶಾಂತಿಪ್ರಿಯನ ಅಂಗಿ

ಲಾಂಡ್ರಿಯ ಬಾಗಿಲು ತೆರೆದು ಅರ್ಧ ಗಂಟೆಯಾಗಿತ್ತು. ನಂಬರಣ್ಣ ಉದ್ದನೆಯ ಮೇಜಿನ ಹಿಂದೆ ನಿಂತು, ಹಿಂದಿನ ದಿನ ಬಂದ ಬಟ್ಟೆಗಳ ಜೇಬುಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದ. ಒಂದು ಪ್ಯಾಂಟಿನಿಂದ ಬಸ್ ಟಿಕೆಟ್ಟು, ಇನ್ನೊಂದರಿಂದ ಹಲ್ಲು ಮುರಿದ ಬಾಚಣಿಗೆ, ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ. ಕಾಗದವನ್ನು ಅವನು ಬಿಡಿಸಲಿಲ್ಲ. ಸಿಕ್ಕಿದ್ದನ್ನು ಬೇರೆ ಬೇರೆ ಲಕೋಟೆಗೆ ಹಾಕಿ, ಬಟ್ಟೆಗೆ ಹೊಲಿದ ನಂಬರನ್ನೇ ಲಕೋಟೆಯ ಮೇಲೂ ಬರೆದು ಪಕ್ಕಕ್ಕಿಟ್ಟ. ಅಂಗಡಿಗೆ ಬೇರೆ ಯಾರೂ ಇನ್ನೂ ಬಂದಿರಲಿಲ್ಲ.

ಹದಿನೆಂಟು ವರ್ಷದಿಂದ ಅವನು ಮಾಡುತ್ತಿದ್ದುದು ಇದೇ ಕೆಲಸ. ಬಟ್ಟೆಗಳಿಗೆ ನಂಬರು ಕೊಟ್ಟು ಕೊಟ್ಟು ಅವನ ಹೆಸರು ಅವನಿಗೇ ಮರೆತುಹೋಗುವಷ್ಟು ನಂಬರಣ್ಣನಾಗಿದ್ದ. ಯಾರ ಜೇಬಿನಲ್ಲಿ ಏನು ಸಿಕ್ಕಿತು ಎಂದು ಅವನು ಯಾರಿಗೂ ಹೇಳಿದವನಲ್ಲ. ಗಿರಾಕಿಯ ಜೇಬು ಗಿರಾಕಿಯದು ಎನ್ನುವುದು ಅಂಗಡಿಯ ಮೊದಲನೇ ನಿಯಮ. ಎರಡನೆಯದು ಇನ್ನೂ ಬಿಗಿ. ಗಿರಾಕಿಯ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡವನು ಮಾರನೆಯ ದಿನ ಕೆಲಸಕ್ಕೆ ಬರುವ ಹಾಗಿಲ್ಲ.

ಬೆಳಗಿನ ಈ ಅರ್ಧ ಗಂಟೆಯ ಮೌನ ನಂಬರಣ್ಣನಿಗೆ ಬಿಸಿ ಚಹಾದಷ್ಟೇ ಇಷ್ಟ. ಯಾಕೆಂದರೆ ಮನೆಯಲ್ಲಿ ಐದು ಗಂಟೆಗೇ ಹಾಡು ಶುರುವಾಗುತ್ತಿತ್ತು.

ಹಾಡುತ್ತಿದ್ದವಳು ಅವನ ಹೆಂಡತಿ. ನಾಲ್ಕು ತಿಂಗಳಿಂದ ಫೋನಿನಲ್ಲಿ ಬರುವ ಪಾಠ ನೋಡಿಕೊಂಡು ಕಲಿಯುತ್ತಿದ್ದಳು. ಅವಳ ದನಿ ಕೆಟ್ಟದ್ದೇನಲ್ಲ. ಆದರೆ ಹಾಡು ಒಂದು ಬೀದಿಯಲ್ಲಿ ಹೊರಟರೆ ದನಿ ಪಕ್ಕದ ಬೀದಿಯಲ್ಲಿ ಹೊರಡುತ್ತಿತ್ತು. ತಿರುವಿನಲ್ಲಿ ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಮೇಲಿನ ಸ್ವರಕ್ಕೆ ಏರಿದಾಗಂತೂ ವರ್ಷಗಟ್ಟಲೆ ಎಣ್ಣೆ ಕಾಣದ ಶಟರನ್ನು ಎಳೆದ ಹಾಗೆ. ಮುಗಿದ ಮೇಲೆ ಅವಳು ಕೆನ್ನೆ ಕೆಂಪಗೆ ಮಾಡಿಕೊಂಡು, “ಹೇಗಿತ್ರೀ?” ಎಂದು ಕೇಳುತ್ತಿದ್ದಳು. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ. ಆ ಮುಖ ನೋಡಿ ನಂಬರಣ್ಣ, “ಚೆನ್ನಾಗಿತ್ತು” ಎನ್ನುತ್ತಿದ್ದ. ನಾಲ್ಕು ತಿಂಗಳಲ್ಲಿ ನೂರಿಪ್ಪತ್ತು ಸಲ ಅಂದಿದ್ದ. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಸಾಲದ್ದಕ್ಕೆ ಅವಳನ್ನು ನೋಡಿ ಶಾಲೆಯ ಹೆಡ್‌ಮೇಷ್ಟ್ರ ಹೆಂಡತಿಯೂ ಅದೇ ಪಾಠಕ್ಕೆ ಸೇರಿ, ಬೀದಿಯ ಆ ತುದಿಯಲ್ಲಿ ಆಕೆ, ಈ ತುದಿಯಲ್ಲಿ ಈಕೆ ಎಂಬಂತಾಗಿತ್ತು.

ಈ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅವನು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಫೋನನ್ನೇ ಕೇಳಿಬಿಡೋಣ ಎಂದುಕೊಂಡಿದ್ದ.

ಫೋನಿನ ವಿಷಯದಲ್ಲಿ ಅವನ ಗುರು ಹೆಂಡತಿಯ ತಮ್ಮ. ಲಾಂಡ್ರಿಯ ಪಕ್ಕದಲ್ಲೇ ಅವನ ಫೋನ್ ರಿಪೇರಿ ಅಂಗಡಿ. ಅಕ್ಕ ಭಾವ ಇಬ್ಬರಿಗೂ ಹೊಸ ಫೋನು ಕೊಡಿಸಿ, ಹುಡುಕಾಟಕ್ಕೆಂದು ಒಂದೇ ಖಾತೆ ಮಾಡಿಕೊಟ್ಟಿದ್ದ. ಬೀದಿಯವರೆಲ್ಲ ಸೇರಿ ಮಾತಾಡಿಕೊಳ್ಳುವ ಗುಂಪಿಗೆ ಸೇರುತ್ತೇನೆಂದು ನಂಬರಣ್ಣ ಹೇಳಿದಾಗ ಎದುರು ಕೂರಿಸಿಕೊಂಡು ಪಾಠ ಮಾಡಿದ್ದ. “ಭಾವ, ಅಲ್ಲಿ ನಿಜವಾದ ಹೆಸರು ಕೊಡಬಾರದು. ಮುಖ ತೋರಿಸಬಾರದು. ಹುಟ್ಟಿದ ದಿನ ಕೇಳಿದ್ರೆ ಬೇರೆ ಹೇಳಿ. ಬಾಲ್ಯದ ಗೆಳೆಯ ಯಾರು ಅಂತ ಕೇಳಿದ್ರೂ ಸುಳ್ಳೇ ಹೇಳಿ. ಪಾಸ್‌ವರ್ಡು ಯಾರಿಗೂ ಹೇಳಬೇಡಿ. ನಂಗೂ ಹೇಳಬೇಡಿ.”

ನಂಬರಣ್ಣ ಅಷ್ಟನ್ನೂ ಚಾಚೂ ತಪ್ಪದೆ ಪಾಲಿಸಿದ. ಯೋಚಿಸಿ ಯೋಚಿಸಿ ಶಾಂತಿಪ್ರಿಯ ಎಂದು ಹೆಸರಿಟ್ಟುಕೊಂಡ. ಫೋಟೋ ಕೇಳಿದಾಗ ಮಾತ್ರ ಪೇಚಿಗೆ ಬಿದ್ದ. ಮುಖ ಬಿಟ್ಟು ಕತ್ತಿನಿಂದ ಕೆಳಗೆ ತೆಗೆಯೋಣವೆಂದರೆ ಅವನಿಗಿದ್ದುದು ಮೂರು ಅಂಗಿ. ಮೂರನ್ನೂ ಬೀದಿಯ ನಾಯಿಗಳೂ ಗುರುತು ಹಿಡಿಯುತ್ತಿದ್ದವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿಯಾಗಿ ತೂಗುತ್ತಿದ್ದ ಒಂದು ತಿಳಿಹಳದಿ ಚೌಕುಳಿ ಅಂಗಿ ಅವನ ಕಣ್ಣಿಗೆ ಬಿತ್ತು. ನಂಬರು ಮುನ್ನೂರ ಹದಿನಾಲ್ಕು. ಎರಡೇ ನಿಮಿಷ. ಹಾಕಿಕೊಂಡ, ಕನ್ನಡಿ ಎದುರು ಕತ್ತಿನಿಂದ ಸೊಂಟದವರೆಗೆ ಫೋಟೋ ಹೊಡೆದ, ಬಿಚ್ಚಿ ಮತ್ತೆ ಹ್ಯಾಂಗರಿಗೆ ಏರಿಸಿದ. ತನ್ನಷ್ಟು ಹುಷಾರು ಮನುಷ್ಯ ಇನ್ನೊಬ್ಬನಿಲ್ಲ ಎಂದು ಆ ದಿನ ಅವನಿಗೆ ಅನ್ನಿಸಿತ್ತು.

ಈ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಕಂಡ ಪೆಟ್ಟಿಗೆಯೊಳಗೆ ಒಂದೊಂದೇ ಅಕ್ಷರ ಒತ್ತಿ ಬರೆದ. “ಹೆಂಡತಿಯ ಮನಸ್ಸಿಗೆ ನೋವಾಗದ ಹಾಗೆ ಅವಳ ಬೆಳಗಿನ ಹಾಡು ನಿಲ್ಲಿಸುವುದು ಹೇಗೆ?” ಉತ್ತರ ಬರಲಿಲ್ಲ. ಕಷ್ಟದ ಪ್ರಶ್ನೆ, ಪಾಪ, ಯೋಚಿಸಲಿ ಎಂದು ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು ಜೇಬುಗಳ ಕೆಲಸಕ್ಕೆ ಇಳಿದ.

ಲಕೋಟೆಗಳ ಸಾಲು ಮುಗಿಯುವ ಹೊತ್ತಿಗೆ ಇಸ್ತ್ರಿ ಅಕ್ಕ ಬಂದಳು. ಅಂಗಡಿಯಲ್ಲಿ ಅವನಿಗಿಂತ ಎರಡು ವರ್ಷ ಹಳಬಳು. ಚಪ್ಪಲಿ ಬಿಡುವ ಮೊದಲೇ ನಗುತ್ತಿದ್ದಳು.

“ನಂಬರಣ್ಣ, ಬೀದಿ ಗುಂಪು ನೋಡಿದ್ಯಾ?”

“ಇಲ್ಲವಲ್ಲ.”

“ಯಾರೋ ಶಾಂತಿಪ್ರಿಯ ಅಂತೆ. ಹೆಂಡತಿ ಹಾಡು ನಿಲ್ಲಿಸೋದು ಹೇಗೆ ಅಂತ ಇಡೀ ಬೀದೀನ ಕೇಳಿದ್ದಾನೆ.”

ನಂಬರಣ್ಣನ ಕೈಯಲ್ಲಿದ್ದ ಪ್ಯಾಂಟು ಜಾರಿ ನೆಲಕ್ಕೆ ಬಿತ್ತು. ಹುಡುಕುವ ಪೆಟ್ಟಿಗೆ ಮೇಲಿನದು, ಬೀದಿಗೆಲ್ಲ ಸಾರುವ ಪೆಟ್ಟಿಗೆ ಕೆಳಗಿನದು ಎಂದು ಭಾವಮೈದುನ ಹೇಳಿದ್ದು ಈಗ ನೆನಪಾಯಿತು. ಬಗ್ಗಿದವನು ಪ್ಯಾಂಟು ಹೆಕ್ಕಲು ಬೇಕಾದ್ದಕ್ಕಿಂತ ಬಹಳ ಹೊತ್ತು ಬಗ್ಗಿಯೇ ಇದ್ದ.

“ಉತ್ತರ ಕೇಳು,” ಎಂದು ಅಕ್ಕ ಇಸ್ತ್ರಿ ಬಿಸಿಗೆ ಹಾಕಿ ಓದತೊಡಗಿದಳು. “ಒಬ್ಬ ಹೇಳ್ತಾನೆ, ನೀವೂ ಜೊತೆಗೆ ಹಾಡಿ, ಅವರೇ ನಿಲ್ಲಿಸ್ತಾರೆ ಅಂತ. ಇನ್ನೊಬ್ಬ ಕಿವಿಗೆ ಹತ್ತಿ ಅಂತಾನೆ. ಬೇಕರಿಯವನು ನಿಮ್ಮ ಮನೆ ಯಾವುದು ಹೇಳಿ, ನಾವೆಲ್ಲ ಬಂದು ಕೈ ಮುಗೀತೀವಿ ಅಂದಿದ್ದಾನೆ. ಅಯ್ಯೋ, ನಿನ್ನ ಹೆಂಡತೀನೂ ಬರೆದಿದ್ದಾಳೆ ನೋಡು.”

“ಏನಂತೆ?” ಮೇಜಿನ ಕೆಳಗಿನಿಂದ ದನಿ ಬಂತು.

“ಇಂಥ ಗಂಡನಿಗೆ ಒಂದು ವಾರ ಊಟ ಹಾಕಬಾರದು ಅಂತೆ.”

ನಂಬರಣ್ಣ ಫೋನು ತೆಗೆದುಕೊಂಡು, ಕಲೆ ತೆಗೆಯುವ ಪುಡಿ ತರುತ್ತೇನೆಂದು ಹಿಂದಿನ ಕೋಣೆಗೆ ಹೋದ. ಉತ್ತರಗಳು ಐವತ್ತು ದಾಟಿದ್ದವು. ಎಲ್ಲೋ ಒಂದು ಕಡೆ ‘ಹೊರಗೆ ಹೋಗಿ’ ಎಂದು ಕಂಡಿತು. ತಾನು ಹೊರಗೆ ಹೋದರೆ ತಾನು ಬರೆದದ್ದೂ ಬಾಲದ ಹಾಗೆ ಹಿಂದೆಯೇ ಬರುತ್ತದೆ ಎಂದುಕೊಂಡು ಒತ್ತಿದ. ಅವನು ಹೊರಗೆ ಬಂದ. ಬರೆದದ್ದು ಒಳಗೇ ಉಳಿಯಿತು.

ಈ ಸಲ ಸರಿಯಾದ ಪೆಟ್ಟಿಗೆಯನ್ನು ಎರಡೆರಡು ಸಲ ನೋಡಿಕೊಂಡು ಬರೆದ. “ಗುಂಪಿನಲ್ಲಿ ಬರೆದದ್ದನ್ನು ಅಳಿಸುವುದು ಹೇಗೆ?” ಒಳಗೆ ಹೋಗಿ ಅಳಿಸಿ ಎಂದಿತು ಫೋನು. “ಹೊರಗೆ ಬಂದವನು ಒಳಗೆ ಹೋಗುವುದು ಹೇಗೆ?” ಪಾಸ್‌ವರ್ಡ್ ಕೊಡಿ ಎಂದಿತು.

ಪಾಸ್‌ವರ್ಡು ಯಾರೂ ಊಹಿಸದಂಥದ್ದು. ಅವನೂ ಊಹಿಸುವ ಹಾಗಿರಲಿಲ್ಲ. ಅದಕ್ಕೇ ಅದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟಿದ್ದ. ಯಾವ ಜೇಬು? ನೀಲಿ ಅಂಗಿಯದು. ನೀಲಿ ಅಂಗಿ ಎಲ್ಲಿ?

ಅವನು ನಿಧಾನವಾಗಿ ತಲೆಯೆತ್ತಿ ಮೆಷಿನ್ ಕಡೆ ನೋಡಿದ. ವಾರಕ್ಕೊಮ್ಮೆ ಕೆಲಸದವರ ಬಟ್ಟೆಯನ್ನು ಮೊದಲ ಸುತ್ತಿಗೆ ಹಾಕಿಕೊಳ್ಳಬಹುದೆಂದು ಅಂಗಡಿಯ ಯಜಮಾನರು ಅನುಮತಿ ಕೊಟ್ಟಿದ್ದರು. ದುಂಡನೆಯ ಗಾಜಿನ ಆಚೆ ನೀಲಿ ಅಂಗಿ ಒಂದು ತೋಳೆತ್ತಿ ಅವನಿಗೆ ಟಾಟಾ ಮಾಡಿ, ನೊರೆಯೊಳಗೆ ಮುಳುಗಿತು. ಹದಿನೆಂಟು ವರ್ಷ ಊರ ಜನರ ಜೇಬನ್ನೆಲ್ಲ ಹೊರಗೆಳೆದವನು ತನ್ನ ಜೇಬನ್ನು ಒಂದು ಸಲವೂ ನೋಡಿರಲಿಲ್ಲ. ಮೆಷಿನ್ ನಿಲ್ಲಿಸಿ ತೆಗೆದಾಗ ಜೇಬಿನಲ್ಲಿ ಸಿಕ್ಕಿದ್ದು ಕಡಲೆಕಾಳಿನಷ್ಟು ಬಿಳಿಯ ಮುದ್ದೆ.

ಫೋನು ಕರುಣೆ ತೋರಿಸಿತು. ಪಾಸ್‌ವರ್ಡ್ ಮರೆತಿರಾ, ಹಾಗಾದರೆ ನಿಮ್ಮ ಬಾಲ್ಯದ ಗೆಳೆಯನ ಹೆಸರು ಹೇಳಿ ಎಂದಿತು. ನಿಜವಾದ ಗೆಳೆಯನ ಹೆಸರು ನಾಲಿಗೆ ತುದಿಯಲ್ಲೇ ಇತ್ತು. ಕೊಟ್ಟಿದ್ದ ಸುಳ್ಳು ಹೆಸರು ಯಾವುದೋ. ಮೂರು ಸಲ ತಪ್ಪಾಯಿತು. ಸರಿ, ಕೊನೆಯ ಅವಕಾಶ, ನಿಮ್ಮ ಮುಖ ತೋರಿಸಿ, ನಿಮ್ಮ ಫೋಟೋದ ಜೊತೆ ಹೋಲಿಸುತ್ತೇವೆ ಎಂದಿತು. ನಂಬರಣ್ಣ ಮುಖ ತೋರಿಸಿದ. ಎಡಕ್ಕೆ ತಿರುಗಿಸಿ ತೋರಿಸಿದ, ಬಲಕ್ಕೆ ತಿರುಗಿಸಿ ತೋರಿಸಿದ. ಅವನ ಮುಖಕ್ಕೂ ತಿಳಿಹಳದಿ ಚೌಕುಳಿ ಅಂಗಿಗೂ ಹೋಲಿಕೆ ಕಂಡುಬರಲಿಲ್ಲ. “ನೀವು ಇವರಲ್ಲ. ನಾಳೆ ಪ್ರಯತ್ನಿಸಿ.”

“ಮುಖವಿಲ್ಲದ ಫೋಟೋಗೆ ಮುಖ ಹೊಂದಿಸುವುದು ಹೇಗೆ?” ಎಂದು ಹುಡುಕಿದ. ಅದಕ್ಕೆ ಉತ್ತರವಾಗಿ ಟೋಪಿಗಳ ಅಂಗಡಿಯೊಂದು ಬಂತು.

ಮುಂದುಗಡೆಗೆ ವಾಪಸು ಬಂದಾಗ ಭಾವಮೈದುನ ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದ. ಈ ಸಂಕಟದಿಂದ ಎರಡು ನಿಮಿಷದಲ್ಲಿ ಪಾರುಮಾಡಬಲ್ಲವನು ಲೋಕದಲ್ಲಿ ಅವನೊಬ್ಬನೇ. ಆದರೆ ಅವನಿಗೆ ಹೇಳುವುದೂ ಒಂದೇ, ಅವನ ಅಕ್ಕನ ಕಿವಿಯಲ್ಲಿ ಹೇಳುವುದೂ ಒಂದೇ. ಮೂರನೇ ನಿಮಿಷಕ್ಕೆ ಸುದ್ದಿ ಮನೆ ಮುಟ್ಟಿರುತ್ತಿತ್ತು.

“ಭಾವ, ನೋಡಿದ್ರಾ ಕತೇನ?” ಎಂದ ಅವನು. “ಯಾವನೋ ನಿಮ್ಮಷ್ಟೇ ಹುಷಾರು. ಹೆಸರು ಸುಳ್ಳು, ಹುಟ್ಟಿದ ದಿನ ಸುಳ್ಳು, ಮುಖಾನೇ ಇಲ್ಲ.”

“ಹಾಗಾದ್ರೆ ಬಿಟ್ಬಿಡು. ಪತ್ತೆ ಆಗಲ್ಲ ಬಿಡು.”

“ಆಗದೇ ಏನು? ಮುಖ ಇಲ್ದೇ ಇದ್ರೇನಾಯ್ತು, ಹೊಟ್ಟೆ ಇದೆಯಲ್ಲ.” ಅವನು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ದೊಡ್ಡದು ಮಾಡಿದ. ನಂಬರಣ್ಣ ಉಸಿರು ಒಳಗೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡ.

ಇಸ್ತ್ರಿ ಅಕ್ಕ ಕತ್ತು ಉದ್ದ ಮಾಡಿ ನೋಡಿದಳು. ಅವಳಿಗೆ ಹೊಟ್ಟೆ ಕಾಣಲಿಲ್ಲ. ಇಪ್ಪತ್ತು ವರ್ಷ ಬಟ್ಟೆಯನ್ನೇ ನೋಡಿದ ಕಣ್ಣು ಬಟ್ಟೆಯ ಒಳಗಿರುವ ಮನುಷ್ಯನನ್ನು ನೋಡುವುದಿಲ್ಲ.

“ತಡಿ ತಡಿ. ಆ ನಾಲ್ಕನೇ ಗುಂಡಿ ತೋರ್ಸು.”

ತೋರಿಸಿದ.

“ನೀಲಿ ದಾರ. ಅವತ್ತು ಹಳದಿ ದಾರ ಮುಗಿದಿತ್ತು ಅಂತ ನಾನೇ ಹೊಲಿದಿದ್ದು. ಇದು ಮುನ್ನೂರ ಹದಿನಾಲ್ಕು. ಹೆಡ್‌ಮೇಷ್ಟ್ರ ಅಂಗಿ.”



“ಅವರ ಹೆಂಡತೀನೂ ಹಾಡು ಕಲೀತಿದ್ದಾರೆ,” ಎಂದ ಭಾವಮೈದುನ, ಕಣ್ಣು ಅಗಲಿಸಿ. “ನಮ್ಮಕ್ಕ ಹೇಳಿದ್ಲು.”

“ಗಿರಾಕಿ ವಿಷಯ ಅಕ್ಕ,” ಎಂದು ನಂಬರಣ್ಣ ಅಂಗಲಾಚಿದ. “ಯಾರಿಗೂ ಹೇಳಬಾರದು.”

“ನಾನೆಲ್ಲಿ ಹೇಳ್ತಿದ್ದೀನಿ?” ಎಂದಳು ಅಕ್ಕ. ನಿಜ, ಅವಳು ಹೇಳಲಿಲ್ಲ. ಅವಳು ಹೇಳುವ ಅಗತ್ಯವೂ ಬೀಳಲಿಲ್ಲ. ಭಾವಮೈದುನನ ಹೆಬ್ಬೆರಳು ಆಗಲೇ ಕೆಲಸ ಮುಗಿಸಿತ್ತು. ಹೆಸರು ಹೇಳದೆ ಬರೆದಿದ್ದ, “ಶಾಂತಿಪ್ರಿಯರ ಶಾಲೆಯ ಗಂಟೆ ಎಷ್ಟು ಹೊತ್ತಿಗೆ ಹೊಡೆಯುತ್ತದೆ?” ಎಂದು. ಹತ್ತು ನಿಮಿಷದಲ್ಲಿ ಮಿಕ್ಕವರು ಹೆಸರು ಹೇಳಿದ್ದರು.

ಯಜಮಾನರು ಬಂದಾಗ ಹನ್ನೊಂದು ಗಂಟೆ. ವಿಷಯ ಅವರಿಗೆ ದಾರಿಯಲ್ಲೇ ಮೂರು ಜನ ಹೇಳಿದ್ದರು. ಕನ್ನಡಕ ಹಾಕಿಕೊಂಡು ಅವರೂ ಫೋಟೋ ನೋಡಿದರು. ಅವರು ಅಂಗಿ ನೋಡಲಿಲ್ಲ, ಅಂಗಿಯ ಹಿಂದಿದ್ದ ಗೋಡೆ ನೋಡಿದರು.

“ಈ ಗೋಡೆ ಬಣ್ಣ ಎಲ್ಲೋ ನೋಡಿದ ಹಾಗಿದೆ.”

ಅವರು ಫೋನನ್ನು ಕಣ್ಣಿನ ಹತ್ತಿರ ತಂದರು.

“ನಮ್ಮ ಹಿಂದಿನ ಕೋಣೇದು. ಆ ಹಬೆ ಕಲೆ ನನಗೆ ಗೊತ್ತಿಲ್ವಾ? ಪ್ರತಿ ವರ್ಷ ಸುಣ್ಣ ಹೊಡಿಸ್ತೀನಿ, ಪ್ರತಿ ವರ್ಷ ಮೇಲೆ ಬರುತ್ತೆ.” ಅವರು ಕನ್ನಡಕ ತೆಗೆದು ಒರೆಸಿದರು. ದನಿ ಏರಿಸಲಿಲ್ಲ. ಅವರ ದನಿ ಏರದಿದ್ದರೆ ಹೆಚ್ಚು ಭಯ. “ಸಂಜೆ ಹೆಡ್‌ಮೇಷ್ಟ್ರು ಬಟ್ಟೆ ತಗೊಳ್ಳೋಕೆ ಬರ್ತಾರೆ. ಅವರನ್ನೇ ಕೇಳ್ತೀನಿ. ಫೋಟೋ ಅವರದೇ ಅಂದ್ರೆ ಸರಿ. ಅಲ್ಲ ಅಂದ್ರೆ, ಇಲ್ಲಿ ಯಾರೋ ಗಿರಾಕಿ ಅಂಗಿ ಹಾಕ್ಕೊಂಡಿದ್ದಾರೆ. ನನ್ನ ನಿಯಮ ಎಲ್ಲರಿಗೂ ಗೊತ್ತಿದೆ.”

ಮಧ್ಯಾಹ್ನ ನಂಬರಣ್ಣನಿಗೆ ಊಟ ಸೇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಹಿಂದಿನ ಕೋಣೆಯಲ್ಲಿ, ಅದೇ ಕಲೆಯ ಗೋಡೆಗೆ ಒರಗಿ ಕೂತು, “ಬೇರೆಯವರ ಅಂಗಿ ಎರಡು ನಿಮಿಷ ಹಾಕಿಕೊಂಡರೆ ಅಪರಾಧವೇ?” ಎಂದು ಹುಡುಕಿದ. ಅಪರಾಧವೋ ಅಲ್ಲವೋ ಹೇಳದೆ ಫೋನು ಹಳದಿ ಅಂಗಿಗಳನ್ನು ತೋರಿಸಿತು. ಆಮೇಲೆ ಇಷ್ಟಕ್ಕೆಲ್ಲ ಮೂಲ ಕಾರಣವನ್ನಾದರೂ ಬಗೆಹರಿಸೋಣವೆಂದು, ಹೆಂಡತಿ ಎಂಬ ಪದವನ್ನೇ ತರದೆ, ಬಹಳ ಎಚ್ಚರಿಕೆಯಿಂದ “ಮನೆಯಲ್ಲಿ ಹಾಡು, ಸದ್ದು, ಏನು ಮಾಡಬೇಕು” ಎಂದು ಬರೆದ. ತಕ್ಷಣ ಒಂದು ಮೈಕು ಬಂತು. ಮೈಕಿನ ಹಿಂದೆ ಸ್ಪೀಕರು. “ನಿಮ್ಮ ದನಿ ನಾಲ್ಕು ಮನೆಗೆ ಕೇಳಲಿ” ಎಂದು ಅದರ ಮೇಲೆ ಬರೆದಿತ್ತು. ಮುಚ್ಚಿದ. ಬೇರೇನೋ ತೆರೆದರೆ ಅಲ್ಲೂ ಅದೇ ಮೈಕು. ಸಮಯ ನೋಡಲು ಹೋದರೂ ಅದರ ಪಕ್ಕದಲ್ಲಿ ಮೈಕು. ಸಾಕುನಾಯಿಯ ಹಾಗೆ ಹೋದಲ್ಲೆಲ್ಲ ಹಿಂದೆಯೇ ಬರುತ್ತಿತ್ತು.

ಮೂರು ಗಂಟೆಗೆ ಅವನ ಮನಸ್ಸು ಒಂದು ತೀರ್ಮಾನಕ್ಕೆ ಬಂತು. ಕೆಲಸ ಹೋದರೆ ಹೋಗಲಿ. ತಾನು ಬರೆದದ್ದಕ್ಕೆ ಪಾಪದ ಮೇಷ್ಟ್ರು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವುದು ಬೇಡ. ಅವರ ಮನೆಯಲ್ಲಿ ಏನು ರಾಮಾಯಣ ನಡೆದಿದೆಯೋ. ಅವರು ಬಂದ ಕೂಡಲೇ ಮೊದಲು ಅವರಿಗೆ ಹೇಳುವುದು, ಆಮೇಲೆ ಯಜಮಾನರಿಗೆ.

ನಾಲ್ಕೂವರೆಗೆ ಹೆಡ್‌ಮೇಷ್ಟ್ರು ಬಂದರು. ಎಂದಿನ ಹಾಗೆ ನೆಟ್ಟಗೆ, ಎಂದಿನ ಹಾಗೆ ಗಂಭೀರ. ಯಜಮಾನರು ಫೋನಿನಲ್ಲಿ ಯಾರದೋ ಪರದೆಗಳ ಬಗ್ಗೆ ಮಾತಾಡುತ್ತಿದ್ದರು. ನಂಬರಣ್ಣ ಮೇಷ್ಟ್ರನ್ನು, “ಸರ್, ಒಂದು ನಿಮಿಷ, ಕಾಲರ್ ನೋಡಬೇಕಿತ್ತು” ಎಂದು ಕೋಟುಗಳು ತೂಗುವ ಸಾಲುಗಳ ನಡುವೆ ಕರೆದುಕೊಂಡು ಹೋದ. ಅಲ್ಲಿ, ಎರಡು ಕಪ್ಪು ಕೋಟುಗಳ ಮಧ್ಯೆ ತಲೆ ತೂರಿಸಿ, ಎಲ್ಲವನ್ನೂ ಹೇಳಿಬಿಟ್ಟ. ಐದು ಗಂಟೆಯ ಹಾಡು, ತಪ್ಪು ಪೆಟ್ಟಿಗೆ, ಎರಡು ನಿಮಿಷದ ಅಂಗಿ, ನೀಲಿ ದಾರ. ಹೇಳಿ ಮುಗಿಸಿ, “ತಪ್ಪಾಯ್ತು ಸರ್. ಈಗಲೇ ಎಲ್ಲರ ಎದುರು ಒಪ್ಕೋತೀನಿ” ಎಂದ.

ಹೆಡ್‌ಮೇಷ್ಟ್ರು ಅವನ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಾಗಿತ್ತು.

“ಬಾಯಿ ಬಿಟ್ರೆ ನೋಡಿ.”

“ಸರ್?”

“ಅದು ನಾನೇ ಬರೆದಿದ್ದು.”

“ಅಲ್ಲ ಸರ್, ನಾನು...”

“ನಾನೇ ಬರೆದಿದ್ದು ಅಂದ್ನಲ್ಲ.” ಮೇಷ್ಟ್ರು ಅತ್ತಿತ್ತ ನೋಡಿ ದನಿ ಇಳಿಸಿದರು. “ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಅವಳು ಫೋನು ನನ್ನ ತಟ್ಟೆ ಪಕ್ಕದಲ್ಲಿಟ್ಟು ಇದು ನೀವೇನಾ ಅಂದ್ಲು. ಅಲ್ಲ ಅನ್ನೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಅವಳು, ಇನ್ಮೇಲೆ ಈ ಮನೇಲಿ ನಾನು ಒಂದು ಸ್ವರ ತೆಗೆಯಲ್ಲ ಅಂದ್ಲು. ನಾನು ತೆಗೆದ ಬಾಯಿ ಮುಚ್ಚಿ, ಹೌದು ನಾನೇ ಅಂದೆ. ಮೂರು ತಿಂಗಳು ರೀ. ಮೂರು ತಿಂಗಳಾದ ಮೇಲೆ ಇವತ್ತು ಊಟ ಆದ ಮೇಲೆ ಪೇಪರು ಓದಿದೆ. ಒಂದೇ ಸಾಲನ್ನ ಎರಡು ಸಲ ಓದಬೇಕಾಗಲಿಲ್ಲ. ಈಗ ನೀವು ಬಂದು ನಂದು ನಂದು ಅಂದ್ರೆ ನಾಳೆ ಬೆಳಿಗ್ಗೆ ಮತ್ತೆ ಶುರು.”

“ಆದ್ರೆ ಸರ್, ಬೀದಿಯವರು ನಗ್ತಿದ್ದಾರೆ.”

“ಮೂವತ್ತು ವರ್ಷದಿಂದ ಮಕ್ಕಳು ಬೆನ್ನ ಹಿಂದೆ ನಗ್ತಿದ್ದಾರೆ. ಅಭ್ಯಾಸ ಇದೆ.”

ಯಜಮಾನರು ಫೋನು ಇಟ್ಟು ಬಂದರು. ಕೈ ಕಟ್ಟಿಕೊಂಡು, ಸಂಕೋಚದಿಂದ, “ಸರ್, ಕೇಳಬಾರದು, ಆದ್ರೂ ಕೇಳ್ತೀನಿ. ಆ ಫೋಟೋದಲ್ಲಿರೋದು ನೀವೇನಾ?” ಎಂದರು.

“ಮತ್ತಿನ್ಯಾರು?”

“ಹಿಂದೆ ಇರೋ ಗೋಡೆ ನಮ್ಮದು.”

ಇಸ್ತ್ರಿ ಅಕ್ಕನ ಕೈ ನಿಂತಿತು. ನಂಬರಣ್ಣ ಕೋಟುಗಳ ಸಾಲಿನಲ್ಲಿ ತಾನೂ ಒಂದು ಕೋಟಾಗಿ ನಿಂತಿದ್ದ.

“ಹೌದು,” ಎಂದರು ಮೇಷ್ಟ್ರು, ತರಗತಿಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಉತ್ತರಿಸುವಾಗಿನ ಅದೇ ಗಾಂಭೀರ್ಯದಲ್ಲಿ. “ಅವತ್ತು ಅಂಗಿ ಇಲ್ಲೇ ಹಾಕಿ ನೋಡಿದೆ. ನಿಮ್ಮ ಕನ್ನಡೀಲಿ ಚೆನ್ನಾಗಿ ಕಾಣ್ತೀನಿ. ಮನೆ ಕನ್ನಡೀಲಿ ಯಾಕೋ ಅಷ್ಟು ಚೆನ್ನಾಗಿ ಕಾಣಲ್ಲ.”

ಯಜಮಾನರು ಒಂದು ಕ್ಷಣ ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. “ಅದು ನಿಜ ಸರ್. ಆ ಕನ್ನಡಿ ನಮ್ಮ ತಂದೆ ಕಾಲದ್ದು.”

ಅಂಗಡಿಯಿಂದ ಹೊರಟಾಗ ನಂಬರಣ್ಣ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ಹಾಗಿದ್ದ. ಒಂದು ಸುಕ್ಕಿಲ್ಲ. ಕೆಲಸ ಉಳಿದಿತ್ತು, ಮಾನ ಉಳಿದಿತ್ತು, ಮೇಷ್ಟ್ರಿಗೂ ಸುಖ. ಹೆಂಡತಿಗೆ ಗೊತ್ತಾಗಲೂ ಇಲ್ಲ. ಇಷ್ಟೆಲ್ಲ ಆದ ಮೇಲೆ ಐದು ಗಂಟೆಯ ಹಾಡು ದೊಡ್ಡ ಕಷ್ಟವೆಂದೇ ಅನ್ನಿಸಲಿಲ್ಲ. ಹಾಡಿಕೊಳ್ಳಲಿ ಪಾಪ, ನೂರ ಇಪ್ಪತ್ತೊಂದನೇ ಸಲ ಚೆನ್ನಾಗಿತ್ತು ಅಂದರಾಯಿತು. ಬೀದಿಯ ಮರಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಎದುರಿಗೆ ಸಿಕ್ಕ ಬೇಕರಿಯವನು, “ಗೊತ್ತಾಯ್ತಾ, ಮೇಷ್ಟ್ರಂತೆ” ಎಂದಾಗ, “ಛೇ, ನಂಬೋಕೇ ಆಗಲ್ಲ” ಎಂದು ತಲೆಯಾಡಿಸುವಷ್ಟು ಧೈರ್ಯ ಬಂದಿತ್ತು.

ಮನೆ ಇನ್ನೂ ಆರು ಮನೆ ಆಚೆ ಇರುವಾಗಲೇ ಹಾಡು ಕೇಳಿಸಿತು.

ಸಂಜೆ ಯಾಕೆ ಹಾಡು ಎಂದು ಮೊದಲು ಅನ್ನಿಸಿತು. ಆಮೇಲೆ, ಇದೇನು ಇವತ್ತು ಎರಡು ದನಿ ಎಂದು ಅನ್ನಿಸಿತು. ನಾಲ್ಕು ಮನೆ ಹತ್ತಿರವಾದಾಗ, ಮನುಷ್ಯರ ಗಂಟಲಿನಿಂದ ಇಷ್ಟು ದೊಡ್ಡ ಸದ್ದು ಬರಲು ಸಾಧ್ಯವಿಲ್ಲ ಎಂದು ಅನ್ನಿಸಿತು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ಒಳಗೆ ಚಾಪೆಯ ಮೇಲೆ ಅವನ ಹೆಂಡತಿ, ಅವಳ ಪಕ್ಕದಲ್ಲಿ ಹೆಡ್‌ಮೇಷ್ಟ್ರ ಹೆಂಡತಿ. ಮೂಲೆಯಲ್ಲಿ ಸೊಂಟದೆತ್ತರದ ಒಂದು ಕಪ್ಪು ಸ್ಪೀಕರು. ಅದರ ಮುಂದೆ ಭಾವಮೈದುನ ಮಂಡಿಯೂರಿ ತಂತಿ ಸಿಕ್ಕಿಸುತ್ತಿದ್ದ. ಆ ಮೈಕನ್ನು ನಂಬರಣ್ಣ ನೋಡಿದ ಕೂಡಲೇ ಗುರುತು ಹಿಡಿದ. ಮಧ್ಯಾಹ್ನದಿಂದ ಅವನ ಹಿಂದೆ ಅಲೆದಿದ್ದು ಅದೇ.

“ಬಂದ್ರಾ?” ಎಂದಳು ಹೆಂಡತಿ. “ನೋಡಿ, ಇವರ ಮನೇಲಿ ಹಾಡೋ ಹಾಗಿಲ್ಲವಂತೆ. ಅವರ ಯಜಮಾನ್ರು ಬೀದಿಯವರಿಗೆಲ್ಲ ಬರೆದು ಮಾನ ಕಳೆದಿದ್ದಾರೆ. ನಮ್ಮನೆಯವರು ಹಾಗಲ್ಲ, ನಾಳೆಯಿಂದ ದಿನಾ ಐದು ಗಂಟೆಗೆ ಇಲ್ಲಿಗೇ ಬಂದ್ಬಿಡಿ ಅಂದೆ.”

“ನಿಮ್ಮಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು,” ಎಂದರು ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡು.

ಈ ಮನೇಲಿ ಒಂದು ಸ್ವರ ತೆಗೆಯಲ್ಲ ಎಂದು ಆಕೆ ಹೇಳಿದ್ದು ನಂಬರಣ್ಣನಿಗೆ ಈಗ ಅರ್ಥವಾಯಿತು. ಆ ಮನೆಯಲ್ಲಿ ತಾನೇ?

“ಮೈಕು ತರಿಸಬೇಕು ಅಂತ ಭಾವನಿಗೆ ಎಷ್ಟು ಆಸೆ,” ಎಂದ ಭಾವಮೈದುನ ತಿರುಗದೆ. “ಅಕ್ಕನ ಫೋನಿನಲ್ಲಿ ಮಧ್ಯಾಹ್ನದಿಂದ ಇದೇ ಬರ್ತಿದೆ. ಪೇಟೇಲೇ ಸಿಕ್ತು, ತಂದ್ಬಿಟ್ಟೆ. ನ್ಯಾಪ್ಕ ಇಲ್ವಾ ಭಾವ, ನಿಮ್ಮಿಬ್ಬರದೂ ಒಂದೇ ಖಾತೆ. ನೀವು ಹುಡುಕಿದ್ದೆಲ್ಲ ಅವಳಿಗೂ ಕಾಣುತ್ತೆ.”

ನಂಬರಣ್ಣ ಅವನ ಹತ್ತಿರ ಬಗ್ಗಿದ. “ಎಲ್ಲಾನಾ?”

“ಎಲ್ಲಾ.”

ಹೆಂಡತಿ ಎದ್ದು, “ನೀರು ಕೊಡ್ತೀನಿ ಬನ್ನಿ” ಎಂದು ಅಡುಗೆಮನೆಗೆ ನಡೆದಳು. ಅವನು ಹಿಂದೆಯೇ ಹೋದ. ಅವಳು ಲೋಟ ತುಂಬಿಸಿ ಕೈಗೆ ಕೊಟ್ಟಳು. ಆಮೇಲೆ ಸೊಂಟದಿಂದ ಫೋನು ತೆಗೆದು, ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ, ಪಾಠ ಒಪ್ಪಿಸುವವಳ ಹಾಗೆ ಓದಿದಳು.

“ಗುಂಪಿನಲ್ಲಿ ಬರೆದದ್ದನ್ನು ಅಳಿಸುವುದು ಹೇಗೆ. ಹೊರಗೆ ಬಂದವನು ಒಳಗೆ ಹೋಗುವುದು ಹೇಗೆ. ಮುಖವಿಲ್ಲದ ಫೋಟೋಗೆ ಮುಖ ಹೊಂದಿಸುವುದು ಹೇಗೆ. ಬೇರೆಯವರ ಅಂಗಿ ಎರಡು ನಿಮಿಷ ಹಾಕಿಕೊಂಡರೆ ಅಪರಾಧವೇ.” ಅವಳು ಫೋನು ಮತ್ತೆ ಸಿಕ್ಕಿಸಿಕೊಂಡಳು. “ನೀರು ಕುಡೀರಿ ಶಾಂತಿಪ್ರಿಯರೇ.”

ನಂಬರಣ್ಣ ಲೋಟ ಕೆಳಗಿಟ್ಟ.

“ಇಂಥ ಗಂಡನಿಗೆ ಒಂದು ವಾರ ಊಟ ಹಾಕಬಾರದು ಅಂತ ಬೆಳಿಗ್ಗೆ ಬರೆದಿದ್ದೆ,” ಎಂದಳು. “ಮಧ್ಯಾಹ್ನ ಇದನ್ನೆಲ್ಲ ನೋಡಿದ ಮೇಲೆ ನೀವು ಬರೆದಿದ್ದನ್ನ ಇನ್ನೊಂದು ಸಲ ಓದಿದೆ. ನೋವಾಗದ ಹಾಗೆ ಅಂತ ಬರೆದಿದ್ರಲ್ಲ. ಯಾರೂ ಅದನ್ನ ನೋಡೇ ಇಲ್ಲ. ಅದಕ್ಕೆ ನಿಮ್ಮ ತಟ್ಟೆ ಮುಚ್ಚಿಟ್ಟಿದ್ದೀನಿ.”

ಅವನು ತಟ್ಟೆ ಮುಟ್ಟಿ ನೋಡಿದ. ಬಿಸಿಯಾಗಿತ್ತು. ಮಧ್ಯಾಹ್ನದಿಂದ ಮಾಯವಾಗಿದ್ದ ಹಸಿವು ಒಮ್ಮೆಲೇ ಬಂತು.

“ಹಾಡು ನಿಲ್ಲಿಸ್ತೀಯಾ?” ಎಂದು ಕೇಳಬೇಕೆಂದುಕೊಂಡವನು, ಅವಳ ಕೆಂಪು ಕೆನ್ನೆ ನೋಡಿ, “ದನಿ ಇವತ್ತು ಚೆನ್ನಾಗಿತ್ತು” ಎಂದ.

“ಈಗ ಇನ್ನೂ ಚೆನ್ನಾಗಿ ಕೇಳುತ್ತೆ,” ಎಂದು ಅವಳು ನಗುತ್ತಾ ಹೊರಗೆ ಹೋದಳು.

ಸ್ಪೀಕರು ಒಂದು ಸಲ ಕೆಮ್ಮಿತು. ಭಾವಮೈದುನ, “ಹೂಂ, ಶುರು ಮಾಡಿ” ಎಂದ. ಹಾಡು ಒಂದು ಬೀದಿಯಲ್ಲಿ ಹೊರಟಿತು, ಅವನ ಹೆಂಡತಿಯ ದನಿ ಇನ್ನೊಂದರಲ್ಲಿ, ಮೇಷ್ಟ್ರ ಹೆಂಡತಿಯದು ಮೂರನೆಯದರಲ್ಲಿ. ತಟ್ಟೆಯ ಮುಚ್ಚಳ ತಾನಾಗಿಯೇ ತಾಳ ಹಾಕತೊಡಗಿತು. ನಂಬರಣ್ಣ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಬೀದಿಯ ಕಡೆಯ ಕಿಟಕಿ ಹಾರು ಹೊಡೆದಿತ್ತು. ಆಚೆ ಇಡೀ ಬೀದಿಯ ಮುಖಗಳು, ಕೆಲವರ ಕೈಯಲ್ಲಿ ಫೋನು.

“ಆ ಕಿಟಕೀನಾದ್ರೂ ಸ್ವಲ್ಪ ಮುಚ್ಕೊಳ್ಳೋಣ್ವಾ?” ಎಂದು ಕೇಳಿದ.